ಪದಕಕ್ಕೂ ಮೊದಲಿನ ಅಚ್ಚು: ಲಿಬರ್ಟಾಸ್ ಅಮೆರಿಕಾನಾ

ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯೋದು ನಮ್ಮ ಓದುಗರಿಗೆ ಹೊಸದೇನಲ್ಲ. ಪದಕ ಕೆತ್ತುವವರಿಗೂ ಇಂಥದ್ದೊಂದು ಉಪಾಯ ಇತ್ತು. ಕರಗಿದ ತವರವನ್ನೋ ಸೀಸವನ್ನೋ ಕಾಗದದ ಮೇಲೆ ಸುರಿದು, ಅದು ಪೂರ್ತಿ ಗಟ್ಟಿಯಾಗುವ ಮುನ್ನ ಉಕ್ಕಿನ ಡೈ ಒತ್ತುತ್ತಿದ್ದರು. ಒಂದೇ ಮುಖದ ತೆಳು ಬಿಲ್ಲೆ ಸಿಗುತ್ತಿತ್ತು. ಫ್ರೆಂಚರು ಇದಕ್ಕೆ ಕ್ಲಿಷೆ ಅಂತಾರೆ, ಇಂಗ್ಲಿಷಿನವರು ಸ್ಪ್ಲಾಷರ್.

ಡೈಯಲ್ಲಿ ಅಕ್ಷರಗಳು ತಿರುಗುಮುರುಗು, ಉಬ್ಬೆಲ್ಲ ತಗ್ಗು. ಕೆತ್ತನೆ ಸರಿಯಾಗಿದೆಯೇ ಅಂತ ಒತ್ತಿಯೇ ನೋಡಬೇಕು. ಒಮ್ಮೆ ಕಾಯಿಸಿ, ತಣಿಸಿ ಉಕ್ಕನ್ನು ಗಡುಸು ಮಾಡಿದ ಮೇಲೆ ತಿದ್ದೋದು ಬಹಳ ಕಷ್ಟ. ನೋಡಿ ಬಿಸಾಡಲೆಂದೇ ಮಾಡಿದ ವಸ್ತುವಾದ್ದರಿಂದ ಉಳಿದದ್ದು ಅಪರೂಪ.

ಅಂಥ ಪ್ರಯೋಗದ ಅಚ್ಚುಗಳು ಉಳಿದಿರುವ ಪದಕಗಳಲ್ಲಿ ಪ್ರಸಿದ್ಧವಾದದ್ದು ಲಿಬರ್ಟಾಸ್ ಅಮೆರಿಕಾನಾ. ಇದರ ಕಲ್ಪನೆ ಬೆಂಜಮಿನ್ ಫ್ರಾಂಕ್ಲಿನ್‌ರದು, ಡೈ ಕೆತ್ತಿದವರು ಆಗಸ್ಟಿನ್ ದ್ಯೂಪ್ರೆ. ಮುಂಬದಿಯಲ್ಲಿ ಕೂದಲು ಹಾರುವ ಸ್ವಾತಂತ್ರ್ಯದೇವಿ. ಹಿಂಬದಿಯಲ್ಲಿ ಎರಡು ಹಾವುಗಳನ್ನು ಹಿಸುಕುವ ಶಿಶು ಹರ್ಕ್ಯುಲಿಸ್ ಅಮೆರಿಕ. ಗುರಾಣಿ ಹಿಡಿದು ಕಾಯುವ ಮಿನರ್ವಾ ಫ್ರಾನ್ಸ್. ಹಾವುಗಳೆಂದರೆ ಸಾರಟೋಗಾ, ಯಾರ್ಕ್‌ಟೌನ್‌ಗಳಲ್ಲಿ ಶರಣಾದ ಎರಡು ಬ್ರಿಟಿಷ್ ಸೈನ್ಯಗಳು. ಹೊರೇಸ್ ಕವಿಯಿಂದ ಆಯ್ದ ಲ್ಯಾಟಿನ್ ಧ್ಯೇಯವಾಕ್ಯ ಸೂಚಿಸಿದವರು ಯಾರು ಗೊತ್ತೇ? ವಿಲಿಯಂ ಜೋನ್ಸ್! 1783ರಲ್ಲಿ ಕಲ್ಕತ್ತೆಗೆ ಬಂದು, 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ ಅದೇ ಜೋನ್ಸ್.

ಈಗ ತಾರೀಕುಗಳನ್ನು ನೋಡಿ. ಮುಂಬದಿಯಲ್ಲಿ 4 ಜುಲೈ 1776. ಹಿಂಬದಿಯಲ್ಲಿ 17 ಅಕ್ಟೋಬರ್ 1777 ಮತ್ತು 19 ಅಕ್ಟೋಬರ್ 1781. ಪದಕ ಟಂಕಿಸಿದ್ದು ಮಾತ್ರ ಪ್ಯಾರಿಸ್‌ನಲ್ಲಿ, 1783ರಲ್ಲಿ. ಮೂರರಲ್ಲಿ ಒಂದೂ ಪದಕದ ಸ್ವಂತ ಕಾಲವಲ್ಲ! ಘಟನೆಯ ಕಾಲ ಬೇರೆ, ಅಕ್ಷರ ಕೆತ್ತಿದ ಕಾಲ ಬೇರೆ ಅನ್ನೋ ನಮ್ಮ ಶಾಸನಪಾಠ ಇಲ್ಲೂ ಅನ್ವಯಿಸುತ್ತೆ. ಲ್ಯಾಟಿನ್ ಬರಹದ ಪಕ್ಕದಲ್ಲೇ ಜುಲೈ ತಿಂಗಳ ಹೆಸರನ್ನು ಮಾತ್ರ ಫ್ರೆಂಚ್‌ನಲ್ಲಿ ಮೊಟಕು ಮಾಡಿ ಕೆತ್ತಲಾಗಿದೆ. ವಿಷಯ ಅಮೆರಿಕದ್ದಾದರೂ ಕಾರ್ಯಾಗಾರ ಎಲ್ಲಿಯದು ಅಂತ ಆ ಒಂದು ಪದವೇ ಹೇಳುತ್ತೆ.

ಇಂಥ ಬಿಲ್ಲೆಯನ್ನು ಪದಕದ ಕಳಪೆ ನಕಲು ಅಂತ ಪಟ್ಟಿಮಾಡಿದರೆ ನಷ್ಟ ನಮ್ಮದೇ. ಸಿದ್ಧವಾದ ಪದಕದೊಂದಿಗೆ ಹೋಲಿಸಿದಾಗ, ಕೆತ್ತುಗ ನಡುವೆ ತಿದ್ದಿದ್ದೇನಾದರೂ ಇದ್ದರೆ ಗೊತ್ತಾಗೋದು ಇದರಿಂದಲೇ. ಕೆಲವುಗಳ ಬೆನ್ನಿಗೆ ಹಳೆಯ ಕಾಗದ ಇನ್ನೂ ಅಂಟಿಕೊಂಡಿರುತ್ತೆ. ಅದನ್ನು ಕೊಳೆ ಅಂತ ನೆನೆಸಿ ತೆಗೆದರೆ, ಅದು ಹೇಗೆ ತಯಾರಾಯಿತು ಅನ್ನೋ ಸಾಕ್ಷಿಯನ್ನೇ ತೊಳೆದಂತೆ. ಹಾಗಾಗಿ ಸಂಗ್ರಹಕಾರರಲ್ಲಿ ನನ್ನ ಕೋರಿಕೆ ಇಷ್ಟೇ: ಅಕ್ಷರವಿಲ್ಲದ ಹಿಂಬದಿಯ ಫೋಟೋವನ್ನೂ ತಪ್ಪದೇ ತೆಗೆಯಿರಿ.