ಕಂದಾಯದ ಕಾಗದಕ್ಕೆ ಬಾರ್ಡೋಲಿಯ ಉತ್ತರ

ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರಿಗೆ ತೆರಿಗೆ ಕಚೇರಿಯಿಂದ ಒಂದು ಕಾಗದ ಬಂದಿತು. ಮೊದಲ ಎರಡು ಸಾಲು ಓದಿದವರೇ ಅದನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಬಿಟ್ಟರು. ಮೂರು ವಾರ ಅವರಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ನಾವಿಬ್ಬರೂ ಕುಳಿತು ಪೂರ್ತಿಯಾಗಿ ಓದಿ ನೋಡಿದರೆ, ಅದರಲ್ಲಿದ್ದುದು ಬ್ಯಾಂಕಿನ ಬಡ್ಡಿಯನ್ನು ಕುರಿತ ಒಂದು ಪ್ರಶ್ನೆ ಮಾತ್ರ. ಆ ಬಡ್ಡಿಯಾದರೂ ಎರಡು ಸಲ ಲೆಕ್ಕಕ್ಕೆ ಸೇರಿಹೋಗಿತ್ತು!

ಈ ಅಂಜಿಕೆ ಇಂದು ನಿನ್ನೆಯದಲ್ಲ. ನಮ್ಮ ಹಳೆಯ ಮಾತುಗಳೇ ಅದಕ್ಕೆ ಸಾಕ್ಷಿ. ಮೇಲಿನವರಿಂದ ಇಳಿದು ಬರುವುದು ನಿರೂಪ. ಕೆಳಗಿನವರಿಂದ ಏರಿ ಹೋಗುವುದು ಬಿನ್ನವತ್ತಳೆ. ಒಂದು ಅಪ್ಪಣೆ, ಇನ್ನೊಂದು ವಿನಂತಿ. ಬಿನ್ನವತ್ತಳೆಯೆಂಬ ಮಾತು ಇಂದು ಸನ್ಮಾನದ ಸಭೆಗಳಿಗೆ ಸಂದಿದೆ. ಆದರೆ ಸರಕಾರದ ಕಾಗದ ಕೈಗೆ ಬಂದೊಡನೆ ನಮ್ಮ ಬೆನ್ನು ಬಾಗುವ ಅಭ್ಯಾಸ ಮಾತ್ರ ಉಳಿದಿದೆ. ಬೇಡದೆ, ಬಯ್ಯದೆ, ಲೆಕ್ಕವನ್ನು ಮುಂದಿಟ್ಟು ಬರೆಯುವ ಉತ್ತರವೆಂಬುದೊಂದು ಉಂಟಷ್ಟೆ? ಅದರ ಬಲವೆಷ್ಟೆಂಬುದನ್ನು 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ತೋರಿಸಿಕೊಟ್ಟರು.

ಬಾರ್ಡೋಲಿ ಎಂದೊಡನೆ ನಮಗೆ ನೆನಪಾಗುವುದು ಸತ್ಯಾಗ್ರಹ, ಜಪ್ತಿ, ವಲ್ಲಭಭಾಯಿ ಪಟೇಲರಿಗೆ ದೊರೆತ ಸರದಾರ ಎಂಬ ಹೆಸರು. ಆದರೆ ಆ ಹೋರಾಟದ ತಳದಲ್ಲಿ ಒಂದು ಲೆಕ್ಕದ ಜಗಳವಿತ್ತು. ಸುರತ ಜಿಲ್ಲೆಯ ಈ ತಾಲೂಕು ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಸುಮಾರು 30 ವರುಷಗಳಿಗೊಮ್ಮೆ ಭೂಕಂದಾಯವನ್ನು ಮರಳಿ ನಿಗದಿ ಮಾಡುತ್ತಿದ್ದರು. ಹಾಗೆ ಪರಿಶೀಲನೆಗೆ ಬಂದ ಡೆಪ್ಯುಟಿ ಕಲೆಕ್ಟರ ಜಯಕರರು ರೈಲು ಬಂದಿದೆ, ಬೆಲೆಗಳು ಏರಿವೆ, ಹೊಸ ಮನೆಗಳು ಎದ್ದಿವೆ ಎಂಬ ಕಾರಣಗಳನ್ನು ಕೊಟ್ಟು ಕಂದಾಯವನ್ನು ನೂರಕ್ಕೆ 30ರಷ್ಟು ಏರಿಸಬೇಕೆಂದರು. ಸೆಟ್ಲ್‌ಮೆಂಟ್ ಕಮಿಷನರ ಆಂಡರ್ಸನ್ನರು ಆ ಕಾರಣಗಳನ್ನು ಒಪ್ಪಲಿಲ್ಲ. ಭೂಮಿಯ ಗುತ್ತಿಗೆಯ ದರವೇ ಸರಿಯಾದ ಆಧಾರವೆಂದು ಹೇಳಿ 29ಕ್ಕೆ ಬಂದು ನಿಂತರು. ಸರಕಾರ 1927ರಲ್ಲಿ 22 ಎಂದು ತೀರ್ಮಾನಿಸಿತು. ಕಾರಣ ಬದಲಾದರೂ ಏರಿಕೆ ತಪ್ಪಲಿಲ್ಲ!

ರೈತನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ಕಂದಾಯದ ನಿಗದಿಯನ್ನು ಸಿವಿಲ್ ಕೋರ್ಟು ವಿಚಾರಿಸಕೂಡದೆಂದು 1876ರ ಕಾಯಿದೆಯೇ ವಿಧಿಸಿತ್ತು. ಉಳಿದಿದ್ದುದು ಕಾಗದವೊಂದೇ. ನರಹರಿ ಪರೀಖರು ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ವಿಚಾರಿಸಿ, ಸಾಗುವಳಿಯ ಖರ್ಚುವೆಚ್ಚಗಳನ್ನು ಲೆಕ್ಕಹಾಕಿ ಬರೆದರು. ಆಂಡರ್ಸನ್ನರ ಗುತ್ತಿಗೆಯ ಪಟ್ಟಿಯಲ್ಲಿ ಏಳು ವರುಷಗಳ ಮೊತ್ತವನ್ನು ಒಂದೇ ವರುಷದ್ದೆಂದು ತಿಳಿದುಕೊಂಡ ತಪ್ಪಿದೆಯೆಂದು ರೈತರ ಪಕ್ಷದವರು ತೋರಿಸಿದರು.

1928ರ ಫೆಬ್ರವರಿ 6ರಂದು ವಲ್ಲಭಭಾಯಿಯವರು ಗವರ್ನರರಿಗೆ ಪತ್ರ ಬರೆದರು. ಕಂದಾಯವನ್ನೇ ಕೊಡೆವೆಂಬುದು ಅವರ ಮಾತಾಗಿರಲಿಲ್ಲ. ನಿಷ್ಪಕ್ಷಪಾತವಾದ ವಿಚಾರಣೆ ನಡೆಯಲಿ, ಇಲ್ಲವೆ ಹಳೆಯ ಕಂದಾಯವನ್ನೇ ಪೂರ್ತಿಯೆಂದು ಒಪ್ಪಿಕೊಳ್ಳಿ, ಎಂಬುದಷ್ಟೇ ರೈತರ ಬೇಡಿಕೆ. ಸರಕಾರ ಒಪ್ಪಲಿಲ್ಲ, ಹೊರಗಿನವರ ಮಾತು ಕೇಳಿ ರೈತರು ಕೆಡದಿರಲೆಂದು ಎಚ್ಚರಿಕೆ ಕೊಟ್ಟಿತು. ಹೊರಗಿನವರಿಂದಲೇ ತುಂಬಿದ ಸರಕಾರ ನಮ್ಮನ್ನು ಹೊರಗಿನವರೆನ್ನುವುದೆ, ಎಂಬ ಅರ್ಥದಲ್ಲಿ ಪಟೇಲರು ಮರು ಉತ್ತರ ಕೊಟ್ಟರು. ಮಾತು ಬಿರುಸಾಯಿತು, ನಿಜ. ಆದರೆ ಲೆಕ್ಕ ಮರೆಯಾಗಲಿಲ್ಲ.

ಮುಂದಿನ ಆರು ತಿಂಗಳು ಸುಲಭವಾಗಿರಲಿಲ್ಲ. ಬಾಗಿಲುಗಳಿಗೆ ನೋಟೀಸು ಅಂಟಿದವು, ಜಮೀನು ಜಪ್ತಿಯಾಯಿತು. ಜಪ್ತಿಗೆ ಸಿಕ್ಕದಿರಲೆಂದು ರೈತರು ತಾವೂ ಎಮ್ಮೆಗಳೂ ಒಂದೇ ಮನೆಯೊಳಗೆ ಹಗಲೆಲ್ಲ ಬಾಗಿಲು ಹಾಕಿಕೊಂಡು ಕುಳಿತರು. ಅನೇಕ ಗ್ರಾಮಗಳ ಪಟೇಲರು, ತಲಾಟಿಗಳು ಕೆಲಸ ಬಿಟ್ಟರು. ಕೊನೆಗೆ ಆಗಸ್ಟಿನಲ್ಲಿ ಸರಕಾರ ವಿಚಾರಣೆಗೆ ಒಪ್ಪಿತು. ಬ್ರೂಮ್‌ಫೀಲ್ಡ್, ಮ್ಯಾಕ್ಸ್‌ವೆಲ್ ಎಂಬ ಇಬ್ಬರು ಅಧಿಕಾರಿಗಳು ಹಳ್ಳಿಹಳ್ಳಿ ಸುತ್ತಿ ಲೆಕ್ಕ ನೋಡಿದರು. ಇಬ್ಬರೂ ಸರಕಾರದವರೇ. ಆದರೂ ಗುತ್ತಿಗೆಯ ಆ ಪಟ್ಟಿಗಳು ನಂಬತಕ್ಕವಲ್ಲವೆಂದು ಬರೆದು, 22ರ ಏರಿಕೆಯನ್ನು ಸುಮಾರು 6ಕ್ಕೆ ಇಳಿಸಿದರು.

ಈ ಇಳಿಕೆಯನ್ನು ತಂದುದು ಯಾವುದು? ರೈತರ ಒಗ್ಗಟ್ಟು, ತ್ಯಾಗ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಲೆಕ್ಕ ತಪ್ಪಿದ್ದಿದ್ದರೆ ವಿಚಾರಣೆಯ ದಿನ ಆ ತ್ಯಾಗವೆಲ್ಲ ಬರಿಗೈಯಲ್ಲಿ ನಿಲ್ಲುತ್ತಿತ್ತು. ಒಗ್ಗಟ್ಟು ವಿಚಾರಣೆಯನ್ನು ತಂದಿತು. ತೀರ್ಪನ್ನು ತಂದುದು ಲೆಕ್ಕ.

ಇಂದು ನಮಗೆ ಬಾರ್ಡೋಲಿಯವರ ಕಷ್ಟವಿಲ್ಲ. ಆದಾಯ ತೆರಿಗೆಯ ತಕರಾರನ್ನು ಕೇಳಲು 1941ರಿಂದ ನ್ಯಾಯಮಂಡಲಿಯೇ ಇದೆ. ಕೊಡಬೇಕಾದ ತೆರಿಗೆಯನ್ನು ತಪ್ಪಿಸುವುದಕ್ಕೆ ಬಾರ್ಡೋಲಿಯ ಹೆಸರು ಹೇಳುವುದು ಸಲ್ಲದು. ಆದರೆ ಕಾಗದ ಬಂದಾಗ ಪೂರ್ತಿ ಓದುವುದು, ಕೇಳಿದ ಮೊತ್ತ ಎಲ್ಲಿಂದ ಬಂತೆಂದು ಹುಡುಕುವುದು, ಗಡುವು ಮೀರದಂತೆ ಆಧಾರಸಹಿತ ಉತ್ತರ ಬರೆಯುವುದು, ಇಷ್ಟನ್ನು ಆ ರೈತರಿಂದ ಕಲಿಯಬಹುದು.

ನಮ್ಮ ಉಪಾಧ್ಯಾಯರು ಹಾಗೆಯೇ ಮಾಡಿದರು. ಬ್ಯಾಂಕಿನ ಪಾಸ್‌ಬುಕ್ಕಿನ ಎರಡು ಹಾಳೆಗಳನ್ನು ಲಗತ್ತಿಸಿ ಏಳು ಸಾಲು ಬರೆದರು. ಮೊದಲಲ್ಲಿ ಹಾಕಿದ್ದ 'ತಮ್ಮ ಪಾದಗಳಿಗೆ' ಎಂಬುದನ್ನು ತಾವೇ ಹೊಡೆದುಹಾಕಿ, 'ಮಾನ್ಯರೇ' ಎಂದು ತಿದ್ದಿದರು. ಆ ದಿನ ಅವರು ನಮ್ಮ ಮನೆಯಲ್ಲೇ ಊಟ ಮಾಡಿದರು. ಎರಡನೆಯ ಸಲ ಸಾರು ಬಡಿಸಿಕೊಂಡರು.