ಸಾರಣೆ-ಕಾರಣೆ: ಮಣಿಕೊಂಡದ ಸೀಮೆಯಲ್ಲಿ ಚಳಿಗಾಲದ ಮನೆ

ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿರುವ ಮಣಿಕೊಂಡದಲ್ಲಿ ಚಳಿಗಾಲ ಎಂದರೆ ಧೂಳಿನ ಕಾಲ. ಇಲ್ಲಿ ಹಿಮ ಬೀಳುವುದಿಲ್ಲ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 6.1 ಡಿಗ್ರಿ ಸೆಲ್ಸಿಯಸ್, ಅದೂ 1946ರ ಜನವರಿ 8ರಂದು. ಆದರೆ ಕಾರ್ತಿಕ ಕಳೆಯುತ್ತಲೇ ಈಶಾನ್ಯದ ಒಣಗಾಳಿ ಬೀಸತೊಡಗುತ್ತದೆ, ಮಳೆಗೆ ಮೆತ್ತಗಾಗಿದ್ದ ನೆಲ ಬಿರಿದು ಪುಡಿಯಾಗುತ್ತದೆ, ಹಿಂದೆ ಸುಗ್ಗಿಯ ಕಣಗಳಿಂದ ಹೊಟ್ಟೂ ಹಾರಿ ಬರುತ್ತಿತ್ತು. ಬೆಳಗಿನ ತಂಪಿನಲ್ಲಿ ಹೊಗೆ ಮೇಲೇರದೆ ಸೂರಿನ ಮಟ್ಟದಲ್ಲೇ ನಿಲ್ಲುತ್ತದೆ. ಮಣಿಕೊಂಡದಿಂದ ತಾಂಡೂರು, ಕಲಬುರಗಿ, ಬೀದರಿನವರೆಗೆ ಹಬ್ಬಿದ ಈ ಒಣಸೀಮೆಯಲ್ಲಿ ಮನೆಯ ಶುಚಿಯ ಪದ್ಧತಿಗಳೆಲ್ಲ ಈ ಧೂಳು ಮತ್ತು ಹೊಗೆಯ ಎದುರಿಗೇ ಬೆಳೆದವು. ತೆಲುಗು, ಕನ್ನಡ, ದಖನಿ ಉರ್ದು ಮೂರೂ ಕಲೆತ ಸೀಮೆಯಾದ್ದರಿಂದ ಪದ್ಧತಿ ಒಂದೇ ಇದ್ದರೂ ಹೆಸರುಗಳು ಮೂರು ಬಗೆ.

ಹಿಮ ಬೀಳುವ ನಾಡುಗಳ ಕ್ರಮ ಇದಕ್ಕೆ ತಿರುಗುಮುರುಗು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯ್ ಕಲಾನ್ ಎಂಬ ಕಡುಚಳಿ. ಆಗ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿರುತ್ತವೆ. ಕಾಂಗ್ಡಿ ಎಂಬ ಕೆಂಡದ ಕುಡಿಕೆಯ ಬೂದಿ, ಒಲೆಯ ಮಸಿ, ಒದ್ದೆ ಪಾದರಕ್ಷೆಯ ಕೆಸರು ಎಲ್ಲ ಒಳಗೇ ಕೂಡುತ್ತವೆ. ಇರಾನಿನಲ್ಲಿ ಚಳಿಗಾಲದ ಈ ಕೊಳೆಯನ್ನು ತೆಗೆಯುವ ದೊಡ್ಡ ಕೆಲಸಕ್ಕೆ ಖಾನೆ-ತಕಾನಿ, ಅಂದರೆ ಮನೆ ಕೊಡವುವುದು, ಎಂಬ ಹೆಸರೇ ಇದೆ. ಮಾರ್ಚಿನ ನೌರೋಜ್ ಹಬ್ಬಕ್ಕೆ ಮೊದಲು ಅದು ಮುಗಿಯಬೇಕು. ದಖ್ಖನ್ನಿನಲ್ಲಿ ಮನೆ ಮುಚ್ಚಿಕೊಂಡು ಕೂರುವುದು ಮಳೆಗಾಲದಲ್ಲಿ. ಆದ್ದರಿಂದ ವರ್ಷದ ದೊಡ್ಡ ಶುಚಿ ಚಳಿಗಾಲದ ಹೊಸ್ತಿಲಲ್ಲಿ, ಮಹಾನವಮಿಗೂ ದೀಪಾವಳಿಗೂ ಬಂತು. ಹಿಮನಾಡಿನಲ್ಲಿ ಚಳಿಗಾಲ ಮುಗಿದ ಮೇಲೆ ಮಾಡುವುದನ್ನು ಇಲ್ಲಿ ಚಳಿಗಾಲ ಬರುವ ಮೊದಲು ಮಾಡಿದರು. ನಂತರದ ನಾಲ್ಕು ತಿಂಗಳು ಉಳಿಯುವುದು ದಿನದಿನದ ಧೂಳಿನ ಕೆಲಸ.

ಈ ಎರಡು ಲೋಕಗಳು ಗೋಲ್ಕೊಂಡದಲ್ಲಿ ಸಂಧಿಸಿದವು. 1518ರಲ್ಲಿ ಅಲ್ಲಿ ಕುತುಬ್ ಶಾಹಿ ಆಳ್ವಿಕೆ ಶುರು ಮಾಡಿದ ಸುಲ್ತಾನ್ ಕುಲಿ, ಚಳಿಗಾಲದಲ್ಲಿ ಹಿಮ ಹೊದೆಯುವ ಇರಾನಿನ ಹಮದಾನ್ ಸೀಮೆಯಿಂದ ಬಂದವನು. ಕೋಟೆಯಿಂದ ಕೆಲವೇ ಮೈಲು ದೂರದ, ಹೆಬ್ಬಂಡೆಗಳ ನಡುವಿನ ಹಳ್ಳಿ ಮಣಿಕೊಂಡ. ಹುಸೇನ್ ಸಾಗರ ಕೆರೆಯ ನಿರ್ಮಾಣದೊಂದಿಗೆ ಹೆಸರು ಬೆಸೆದುಕೊಂಡಿರುವ ಹಜರತ್ ಹುಸೇನ್ ಶಾ ವಲಿಯ ದರ್ಗಾ ಇರುವುದು ಈ ನೆರೆಯಲ್ಲೇ. ಅವರು ಕಲಬುರಗಿಯ ಖ್ವಾಜಾ ಬಂದೇ ನವಾಜರ ವಂಶದವರೆಂದು ಪರಂಪರೆ ಹೇಳುತ್ತದೆ. ದರ್ಗಾಕ್ಕೆ ಸಂದ ಜಾಗೀರಿನಿಂದಾಗಿ ಊರಿಗೆ ಮಣಿಕೊಂಡ ಜಾಗೀರ್ ಎಂಬ ಹೆಸರು ಕಾಗದಪತ್ರಗಳಲ್ಲಿ ಇಂದಿಗೂ ಉಳಿದಿದೆ. ಅರಸರ ಮಹಲುಗಳಿಗೆ ಗಚ್ಚಿನ ನೆಲ, ಹಮಾಮು, ಮಣ್ಣಿನ ಕೊಳವೆಗಳಲ್ಲಿ ಹರಿದು ಬರುವ ನೀರು ಇದ್ದವು. ಹಳ್ಳಿಯ ಮನೆಗೆ ಇದ್ದದ್ದು ಮಣ್ಣು, ಸಗಣಿ, ಸುಣ್ಣ ಮತ್ತು ಬಾವಿ.

ಮಳೆ ನಿಂತ ಮೇಲೆ ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ನೀರು ಇಳಿದು ಕಿತ್ತ ಕಡೆ ಮಣ್ಣು ಮೆತ್ತಿ, ಒಣಗಿದ ಮೇಲೆ ಸುಣ್ಣ ಬಳಿಯಬೇಕು. ಗೋಡೆಯ ಬುಡಕ್ಕೂ ಹೊಸ್ತಿಲಿಗೂ ಕೆಮ್ಮಣ್ಣು. ಕನ್ನಡದಲ್ಲೂ ತೆಲುಗಿನಲ್ಲೂ ಅದಕ್ಕೆ ಜಾಜು ಎಂಬ ಒಂದೇ ಮಾತು. ಕೆಂಪು ಪಟ್ಟಿಯ ಮೇಲೆ ಬಿಳಿ ಗೆರೆ ಎಳೆದರೆ ಕಾರಣೆ. ‘ಸಾರಣೆ-ಕಾರಣೆ’ ಎಂಬ ಜೋಡುನುಡಿಯಲ್ಲಿ ಮನೆ ಶುಚಿ ಮಾಡುವುದು ಮತ್ತು ಸಿಂಗರಿಸುವುದು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಆ ಕೆಲಸ ಮಾಡುತ್ತಿದ್ದವರು ಅವೆರಡನ್ನು ಬೇರೆಬೇರೆ ಎಂದು ಎಣಿಸಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನೆಲ ಸಾರಿಸುವುದು ನೋಡಲು ಸುಲಭ, ಮಾಡಲು ಅಲ್ಲ. ಹೊಸ ನೆಲವಾದರೆ ಮಣ್ಣು ತುಂಬಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು ಗಟ್ಟಿ ಮಾಡಬೇಕು. ಹಳೆಯ ನೆಲವಾದರೆ ಮೊದಲು ಬಿರುಕುಗಳಿಗೆ ಹಸಿಮಣ್ಣು ತುಂಬಬೇಕು. ಸಗಣಿಯಲ್ಲಿ ಸಿಕ್ಕ ಕಡ್ಡಿ ಕಸ ಆರಿಸಿ, ನೀರಲ್ಲಿ ಕಲಸಿ, ಒಳಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಾ ಬರಬೇಕು. ಕುಕ್ಕರುಗಾಲಲ್ಲಿ ಕೂತ ಹೆಂಗಸಿನ ತೋಳು ಎಷ್ಟು ದೂರ ಚಾಚುತ್ತದೋ ಅಷ್ಟಗಲದ ಅರೆಚಂದ್ರ ಅಂಗೈಯಲ್ಲಿ ಮೂಡುತ್ತದೆ. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಒಣಗಿದ ಮೇಲೆ ನೆಲದ ತುಂಬ ಮೀನಿನ ಹುರುಪೆಯಂಥ ಕಮಾನುಗಳು ಉಳಿಯುತ್ತವೆ. ಸಗಣಿಯ ನಾರು ಮಣ್ಣಿನ ಕಣಗಳನ್ನು ಹಿಡಿದಿಡುವುದರಿಂದ ಕಾಲಿಗೆ ಧೂಳು ಏಳುವುದಿಲ್ಲ. ಮಳೆಗಾಲದಲ್ಲಿ ದಿನವಿಡೀ ಹಸಿಯಾಗಿಯೇ ಇರುವ ಸಾರಣೆ ಚಳಿಗಾಲದ ಒಣಗಾಳಿಗೆ ಕೆಲವೇ ಗಂಟೆಗಳಲ್ಲಿ ಆರುತ್ತದೆ. ಹೀಗೆ ಧೂಳು ತರುವ ಗಾಳಿಯೇ ಧೂಳು ಅಡಗಿಸುವ ಕೆಲಸಕ್ಕೂ ಒದಗುತ್ತಿತ್ತು. ಸಗಣಿಯಲ್ಲಿ ಎಲ್ಲ ರೋಗ ಕಳೆಯುವ ಗುಣವಿದೆ ಎಂಬ ಮಾತು ಮಾತ್ರ ನಂಬುವಂಥದ್ದಲ್ಲ. ಧನುರ್ವಾಯುವಿನ ರೋಗಾಣು ದನಗಳ ಸಗಣಿಯಲ್ಲೂ ಇರುತ್ತದೆ, ಬಾಣಂತಿ ಮನೆಯಲ್ಲಿ ಎಳೆಗೂಸಿನ ಹೊಕ್ಕುಳಿಗೆ ಅದು ಅಪಾಯ. ಧೂಳನ್ನು ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ಅದರ ಹಿರಿಮೆ ಅಷ್ಟೇ.

ಅಂಗಳದ ಕೆಲಸ ಬೇರೆ. ನಸುಕಿನಲ್ಲಿ ಈಚಲ ಗರಿಯ ಕಸಬರಿಗೆಯಿಂದ ಗುಡಿಸಿ, ಸಗಣಿನೀರು ಚಿಮುಕಿಸುತ್ತಿದ್ದರು. ಕಲಬುರಗಿ ಕಡೆ ಇದು ತಳಿ ಹೊಡೆಯುವುದು, ತೆಲಂಗಾಣದ ಹಳ್ಳಿಗಳಲ್ಲಿ ಸಾನ್ಪಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಇದು ವ್ರತದ ಮಟ್ಟಕ್ಕೇರುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಅಂಗಳ ಹಸಿಯಾಗಿ, ಅದರ ಮೇಲೆ ರಂಗೋಲಿ, ತೆಲುಗಿನವರ ಮುಗ್ಗು, ಮೂಡಿರಬೇಕು. ಸಂಕ್ರಾಂತಿಯ ದಿನಗಳಲ್ಲಿ ತೆಲುಗು ಮನೆಗಳ ಮುಂದೆ ಸಗಣಿಯುಂಡೆಯ ಗೊಬ್ಬೆಮ್ಮ, ಉತ್ತರ ಕರ್ನಾಟಕದಲ್ಲಿ ದೀಪಾವಳಿಗೇ ಹಟ್ಟೆವ್ವ. ಒಣಗಾಳಿಯ ತಿಂಗಳಲ್ಲಿ ಮನೆಯೊಳಕ್ಕೆ ಧೂಳು ಬರುವ ದಾರಿ ಅಂಗಳವೇ. ಅದನ್ನು ದಿನವೂ ಒದ್ದೆ ಮಾಡುವ ಕೆಲಸಕ್ಕೆ ಹಬ್ಬದ ಕಟ್ಟುಪಾಡು ಒದಗಿಬಂದದ್ದು ಜಾಣತನದ ಏರ್ಪಾಡು.

ಹಾಸಿಗೆ ಹೊದಿಕೆಗಳ ಶುಚಿ ಮಹಾನವಮಿಗೆ ಮೊದಲೇ ಮುಗಿಯುತ್ತಿತ್ತು. ಹಳೆ ಸೀರೆಗಳ ಪದರು ಕೂಡಿಸಿ ಹೊಲಿದ ಕೌದಿ, ತೆಲಂಗಾಣದವರ ಬೊಂತ, ಒದ್ದೆಯಾದರೆ ಇಬ್ಬರು ಹಿಡಿದು ಹಿಂಡಬೇಕಾದಷ್ಟು ಭಾರ. ಅದನ್ನು ಹಳ್ಳಕ್ಕೋ ಕೆರೆಗೋ ಒಯ್ದು ಸವುಳು ಮಣ್ಣು ಹಚ್ಚಿ ಒಗೆದು ಬಂಡೆಗಳ ಮೇಲೆ ಹರಡುತ್ತಿದ್ದರು. ಮಣಿಕೊಂಡದಂಥ ಊರಲ್ಲಿ ಬಂಡೆಗೇನೂ ಬರವಿರಲಿಲ್ಲ. ಕಂಬಳಿಯ ಮಾತು ಬೇರೆ. ದಖ್ಖನಿ ಕುರಿಯ ಒರಟು ಉಣ್ಣೆಯಲ್ಲಿ ಕುರುಬರು ನೇಯುವ ಕಂಬಳಿಗೆ, ತೆಲಂಗಾಣದ ಗೊಂಗಡಿಗೆ, ಹುಣಸೆಬೀಜದ ಗಂಜಿ ಹಾಕುವ ಪದ್ಧತಿ. ಅದನ್ನು ಪದೇ ಪದೇ ಒಗೆಯುವುದಿಲ್ಲ, ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ಕೊಡವುತ್ತಾರೆ. ಹಗ್ಗದ ಹೊರಸಿನ ಸಂದುಗಳಲ್ಲಿ ಸೇರಿದ ತಿಗಣೆಗೆ ಕುದಿನೀರು, ಕಾಳಿನ ಗಡಿಗೆಗೆ ಬೇವಿನ ಸೊಪ್ಪು, ಸಂಜೆಗೆ ಸಾಂಬ್ರಾಣಿಯ ಹೊಗೆ. ದಖನಿ ಮನೆಗಳಲ್ಲಿ ಅದೇ ಲೋಬಾನ.

ಒಳಗಿನ ದೊಡ್ಡ ಶತ್ರು ಒಲೆ. ಕುಳ್ಳು, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಸುವ ಅಡುಗೆಮನೆಯಲ್ಲಿ ಮಸಿಯೂ ಜೇಡರ ಬಲೆಯೂ ಕೂಡಿ ತೊಲೆಗಳಿಂದ ಜೋತುಬೀಳುವ ಕರಿ ಎಳೆಗೆ ಇಲ್ಲಣ ಎಂದು ಹೆಸರು. ಬಿದಿರಿನ ತುದಿಗೆ ಕಸಬರಿಗೆ ಕಟ್ಟಿ ಅದನ್ನು ಇಳಿಸುವಾಗ ಪಾತ್ರೆಗಳನ್ನೆಲ್ಲ ಹೊರಗೆ ಸಾಗಿಸಬೇಕು. ಒಲೆಯ ಬೂದಿಯೇ ಪಾತ್ರೆ ತಿಕ್ಕಲು, ಹುಣಸೆಹಣ್ಣು ಹಿತ್ತಾಳೆ ತಾಮ್ರ ಬೆಳಗಲು. ಚಳಿಗೆ ಬಾಗಿಲು ಮುಚ್ಚಿ ಒಲೆ ಮುಂದೆ ಕೂತ ಹೆಂಗಸರ ಎದೆಗೆ ಇಳಿದ ಹೊಗೆಯನ್ನು ಮಾತ್ರ ಯಾವ ಕಸಬರಿಗೆಯೂ ತೆಗೆಯಲಿಲ್ಲ. ಅವಿಭಜಿತ ಆಂಧ್ರಪ್ರದೇಶದಲ್ಲಿ 1999ರ ದೀಪಂ ಯೋಜನೆ ಬಡಮನೆಗಳ ಹೆಂಗಸರ ಹೆಸರಿಗೆ ಅಡುಗೆ ಅನಿಲ ಕೊಡತೊಡಗಿದ ಮೇಲೆ, 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ, ಇಲ್ಲಣ ಎಂಬ ಮಾತೂ ಮನೆಗಳಿಂದ ಮರೆಯಾಗುತ್ತಾ ಬಂತು. ಮರೆತರೆ ನಷ್ಟವಿಲ್ಲದ ಮಾತು ಅದು.

ನೆಲವನ್ನು ಬದಲಿಸಿದ್ದು ರೈಲು. ಮುಂಬೈ ಕಡೆಯ ಹಳಿ 1871ರಲ್ಲಿ ವಾಡಿ, ಶಹಾಬಾದ್ ಮೂಲಕ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ತಾಂಡೂರು ಹಾದು ಹೈದರಾಬಾದಿಗೆ ಬಂತು. ಈ ದಾರಿಯ ಎರಡೂ ಬದಿಗೆ ಭೀಮಾ ಕಣಿವೆಯ ಸುಣ್ಣಕಲ್ಲು ಹಾಸುಹಾಸಾಗಿ ಹರಡಿದೆ. ಉಳಿಯಿಂದ ಎಬ್ಬಿಸಿದರೆ ಚಪ್ಪಟೆಯಾಗಿಯೇ ಏಳುವ ಕಲ್ಲು ಅದು. ಶಹಾಬಾದಿ ಫರಸಿ ಎಂಬ ಹೆಸರಿನಲ್ಲಿ ಅದು ಹೈದರಾಬಾದ್ ಸಂಸ್ಥಾನದ ಉದ್ದಗಲಕ್ಕೂ ಹೋಯಿತು. ಫರ್ಶ್ ಎಂದರೆ ನೆಲಹಾಸು, ಅರಬ್ಬಿಯಿಂದ ಪಾರಸಿ ಉರ್ದುಗಳ ಮೂಲಕ ಬಂದ ಮಾತು. ಸಗಣಿಯ ನೆಲಕ್ಕೆ ವಾರವಾರವೂ ಸಾರಣೆ ಬೇಕಾದರೆ ಫರಸಿಗೆ ಒದ್ದೆ ಬಟ್ಟೆ ಸಾಕು. ಕಾಲಿಗೆ ಸವೆದಷ್ಟೂ ಅದರ ನುಣುಪು ಹೆಚ್ಚುತ್ತದೆ. ಆದರೆ ಸುಣ್ಣಕಲ್ಲಾದ್ದರಿಂದ ಹುಳಿ ತಾಗಬಾರದು. ಒಂದು ಹನಿ ನಿಂಬೆರಸ ಬಿದ್ದು ಒರೆಸದೆ ಬಿಟ್ಟರೆ ಮಾಸಲು ಬಿಳಿ ಕಲೆ ಉಳಿದೇ ಹೋಗುತ್ತದೆ, ಆಸಿಡ್ ಸುರಿದರೆ ಕಲ್ಲೇ ನೊರೆಗಟ್ಟಿ ಕರಗುತ್ತದೆ. ಚಳಿಗಾಲದಲ್ಲಿ ಹಿಮದಂತೆ ಕೊರೆಯುವ ಈ ನೆಲದ ಮೇಲೆ ಜಮಖಾನೆ ಹಾಸುವುದು ರೂಢಿಯಾಯಿತು. ಅದರ ಎಳೆಯೊಳಗೆ ಕೂತ ಧೂಳು ಕೊಡವುವುದು ಬೆಳಗಿನ ಇನ್ನೊಂದು ಕೆಲಸವಾಯಿತು.

ಮನೆ ಎಷ್ಟೇ ಶುಚಿಯಾಗಿದ್ದರೂ ಬೀದಿ ಕೊಳೆತರೆ ಸುಖವಿಲ್ಲ ಎಂಬುದನ್ನು ಹೈದರಾಬಾದು ದುಬಾರಿ ಬೆಲೆ ತೆತ್ತು ಕಲಿಯಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. 1911ರಲ್ಲಿ ಪ್ಲೇಗು ಬಂತು. ಇಲಿಯ ಚಿಗಟ ಬೇಸಿಗೆಯ ಒಣ ಉರಿಯಲ್ಲಿ ಸಾಯುತ್ತದೆ, ತಂಪು ತಿಂಗಳಲ್ಲಿ ಹೆಚ್ಚುತ್ತದೆ. ಹಾಗಾಗಿ ಚಳಿಗಾಲದ ಮನೆಶುಚಿ ಎಂಬುದು ಆ ಕಾಲಕ್ಕೆ ಜೀವದ ಪ್ರಶ್ನೆಯಾಯಿತು. ಪ್ರವಾಹದ ನಂತರ, 1909ರಲ್ಲಿ, ನಿಜಾಮ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಪ್ರವಾಹ ತಡೆಯುವ ಎರಡು ಜಲಾಶಯಗಳ ಜೊತೆಗೆ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಅವರು ಕೊಟ್ಟರು. ಮಣಿಕೊಂಡಕ್ಕೆ ಪಶ್ಚಿಮದಲ್ಲಿರುವ ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಡುವೆ 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿ ಗಾಳಿ ಬೆಳಕಿಲ್ಲದ ಕೇರಿಗಳನ್ನು ತೆರವು ಮಾಡಿ ಹೊಸ ಮನೆಗಳನ್ನು ಕಟ್ಟಿಸಿತು. ಒಳಚರಂಡಿ ತಲುಪದ ಮನೆಗಳಲ್ಲಿ ಒಣ ಪಾಯಖಾನೆಗಳೇ ಉಳಿದವು. ಅವನ್ನು ಬರಿಗೈಯಲ್ಲಿ ಬಳಿಯುವ ಕೆಲಸ ಕೆಲವೇ ಜಾತಿಗಳ ಹೆಗಲಿಗೆ ಬಿದ್ದಿತ್ತು. ಒಬ್ಬರ ಮನೆಯ ಶುಚಿ ಇನ್ನೊಬ್ಬರ ಅವಮಾನದ ಮೇಲೆ ನಿಂತಿದ್ದ ಈ ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 1993ರಲ್ಲಿ, ಇನ್ನಷ್ಟು ಬಿಗಿಯಾಗಿ 2013ರಲ್ಲಿ. ಶುಚಿಯ ಚರಿತ್ರೆ ಬರೆಯುವಾಗ ಈ ಭಾಗವನ್ನು ಬಿಟ್ಟರೆ ಅದು ಸುಳ್ಳು ಚರಿತ್ರೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ ಕಲಬುರಗಿ, ಬೀದರ್, ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿದವು. ಫರಸಿಯೂ ಜನರೂ ಹೈದರಾಬಾದಿಗೆ ಬರುವುದು ನಿಲ್ಲಲಿಲ್ಲ. 1998ರಲ್ಲಿ ಐಟಿ ಕಂಪನಿಗಳಿಗೆಂದು ಸೈಬರ್ ಟವರ್ಸ್ ತೆರೆದ ಮೇಲೆ ಮಣಿಕೊಂಡದ ಸುತ್ತ ಬಂಡೆಗಳು ಒಡೆದು ಬಹುಮಹಡಿ ಕಟ್ಟಡಗಳು ಎದ್ದವು. 2018ರಲ್ಲಿ ಊರು ಪುರಸಭೆಯಾಯಿತು. ಜಾಗೀರಿನ 1,654 ಎಕರೆಗಳ ದೀರ್ಘ ವ್ಯಾಜ್ಯದಲ್ಲಿ, ಆ ಭೂಮಿ ತೆಲಂಗಾಣ ಸರ್ಕಾರದ್ದೆಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಇಂದಿನ ಚಳಿಗಾಲದ ಧೂಳಿನಲ್ಲಿ ಸುಗ್ಗಿಯ ಹೊಟ್ಟು ಇಲ್ಲ, ಸಿಮೆಂಟು ಮತ್ತು ಒಡೆದ ಕಲ್ಲಿನ ಪುಡಿ ಇದೆ. ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲೂ ಬೆರಳಾಡಿಸಿದರೆ ಬೂದುಬಣ್ಣ ಅಂಟುತ್ತದೆ. ಟೈಲ್ಸ್ ನೆಲಕ್ಕೆ ನಿಂಬೆರಸದ ಭಯವಿಲ್ಲ, ಆದರೆ ಕೊಳವೆಬಾವಿಯ ಗಡಸು ನೀರಲ್ಲಿ ಒರೆಸಿದರೆ ಉಪ್ಪಿನ ಬಿಳಿ ಪೊರೆ ಉಳಿಯುತ್ತದೆ. ಧನುರ್ಮಾಸದಲ್ಲಿ ಲಿಫ್ಟಿನ ಎದುರಿನ ಒಂದು ಮಾರು ಜಾಗದಲ್ಲೇ ತೆಲುಗು, ಕನ್ನಡ ಮನೆಗಳ ಮುಂದೆ ಸುದ್ದೆಪುಡಿಯ ಎಳೆ ಮೂಡುತ್ತದೆ. ಕೆಲವು ಬಾಗಿಲುಗಳಿಗೆ ಅಂಟುಕಾಗದದ ರಂಗೋಲಿ.

ಅಂಗಳ ಹೋದರೂ ನಸುಕಿನ ಕೆಲಸ ಹೋಗಿಲ್ಲ, ಕೈ ಬದಲಾಗಿದೆ. ಈ ಮಹಡಿಗಳ ನೆಲ ಒರೆಸುವವರು ಹೆಚ್ಚಾಗಿ ಹಳ್ಳಿ ಬಿಟ್ಟು ಬಂದ ಹೆಂಗಸರು. ತೆಲಂಗಾಣದ ಪಾಲಮೂರು ಕಡೆಯವರಿದ್ದಾರೆ, ಯಾದಗಿರಿ, ರಾಯಚೂರು ಕಡೆಯ ಕನ್ನಡದವರೂ ಇದ್ದಾರೆ. ಜನವರಿಯ ಬೆಳಗಿನಲ್ಲಿ ತಣ್ಣೀರಲ್ಲಿ ಅದ್ದಿ ಹಿಂಡಿ ಅವರ ಬೆರಳ ಸಂದು ಬಿರಿಯುತ್ತದೆ. ಇಂಥ ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲಿ ಕನಿಷ್ಠ ವೇತನ ಗೊತ್ತುಮಾಡಿತು. ಮನೆಗೆಲಸದವರ ಹಕ್ಕುಗಳ ಕುರಿತ 189ನೆಯ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.