209 ಸರಣಿ: 'ಅರ್ಧ ಆಯುಷ್ಯ'ದ ಜಪಾನಿ ವಿದ್ಯುತ್ ರೈಲು

ಟೋಕಿಯೊ ಮಹಾನಗರ ಪ್ರದೇಶದ ನಿತ್ಯಪ್ರಯಾಣಿಕರಿಗಾಗಿ ಜೆಆರ್ ಈಸ್ಟ್ ಸಂಸ್ಥೆಯು ರೂಪಿಸಿದ ವಿದ್ಯುತ್ ರೈಲು 209 ಸರಣಿ. ರೈಲು ಎಷ್ಟು ವರ್ಷ ಬಾಳಬೇಕು ಎಂಬ ಪ್ರಶ್ನೆಯನ್ನೇ ಹೊಸದಾಗಿ ಕೇಳಿದ ಸರಣಿ ಇದು.

ಹಿನ್ನೆಲೆ

ಜಪಾನಿನ ಸರ್ಕಾರಿ ರೈಲ್ವೆಯು 1987ರಲ್ಲಿ ವಿಭಜನೆಗೊಂಡಾಗ ಜೆಆರ್ ಈಸ್ಟ್ ಜನ್ಮತಾಳಿತು. 1963ರಿಂದ ತಯಾರಾಗುತ್ತಿದ್ದ 103 ಸರಣಿಯ ಉಕ್ಕಿನ ರೈಲುಗಳು ದೊಡ್ಡ ಸಂಖ್ಯೆಯಲ್ಲಿ ಅದರ ಪಾಲಿಗೆ ಬಂದವು. ಇವುಗಳ ವಿದ್ಯುತ್ ಬಳಕೆ ಹಾಗೂ ನಿರ್ವಹಣೆಯ ವೆಚ್ಚ ಅಧಿಕವಾಗಿದ್ದವು. ಬದಲಿ ರೈಲಿಗಾಗಿ ಸಂಸ್ಥೆ ಮುಂದಿಟ್ಟ ಸೂತ್ರ: 'ತೂಕ ಅರ್ಧ, ಬೆಲೆ ಅರ್ಧ, ಆಯುಷ್ಯ ಅರ್ಧ'.

1992ರಲ್ಲಿ 901 ಸರಣಿಯ ಹೆಸರಿನಲ್ಲಿ ಬೇರೆ ಬೇರೆ ಉಪಕರಣಗಳುಳ್ಳ ಮೂರು ಪ್ರಾಯೋಗಿಕ ರೈಲುಗಳನ್ನು ಓಡಿಸಿ ಪರೀಕ್ಷಿಸಲಾಯಿತು. 1993ರಲ್ಲಿ 209 ಸರಣಿಯು ಕೇಹಿನ್-ತೊಹೊಕು ಮಾರ್ಗದಲ್ಲಿ ಸೇವೆಗಿಳಿಯಿತು.

ತಾಂತ್ರಿಕ ವೈಶಿಷ್ಟ್ಯಗಳು

103 ಸರಣಿಯಲ್ಲಿ ವೇಗವನ್ನು ನಿಯಂತ್ರಿಸುವಾಗ ವಿದ್ಯುತ್ತಿನ ಒಂದು ಭಾಗ ರೋಧಕಗಳಲ್ಲಿ ಶಾಖವಾಗಿ ವ್ಯರ್ಥವಾಗುತ್ತಿತ್ತು. 209 ಸರಣಿಯಲ್ಲಿ ಇನ್ವರ್ಟರ್ ಉಪಕರಣವು ಮೇಲ್ತಂತಿಯ ಏಕಮುಖ ವಿದ್ಯುತ್ತನ್ನು ಮೂರು ಫೇಸ್‌ನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ, ಅಗತ್ಯಕ್ಕೆ ತಕ್ಕಂತೆ ಮೋಟಾರಿಗೆ ಒದಗಿಸುತ್ತದೆ. ಈ ಮೋಟಾರುಗಳಲ್ಲಿ ಸವೆಯುವ ಕಾರ್ಬನ್ ಬ್ರಷ್‌ಗಳಿಲ್ಲದ ಕಾರಣ ನಿರ್ವಹಣೆ ಸುಲಭ. ಬ್ರೇಕ್ ಹಾಕಿದಾಗ ಮೋಟಾರುಗಳೇ ಜನರೇಟರುಗಳಾಗಿ ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ. ಸಮೀಪದ ಇತರ ರೈಲುಗಳು ಅದನ್ನು ಬಳಸಿಕೊಳ್ಳುತ್ತವೆ. ಸ್ಟೇನ್‌ಲೆಸ್ ಉಕ್ಕಿನ ಹಗುರ ಬೋಗಿಗಳಿಗೆ ಬಣ್ಣ ಬಳಿಯುವ ಅಗತ್ಯವಿಲ್ಲ. ಒಟ್ಟಾರೆ ವಿದ್ಯುತ್ ಬಳಕೆ 103 ಸರಣಿಯ ಶೇ 47ರಷ್ಟಕ್ಕೆ ಇಳಿಯಿತು.

ಮುಖ್ಯಾಂಶಗಳು (ಕೇಹಿನ್-ತೊಹೊಕು ರೈಲು)

* ಹಳಿಗಳ ಅಂತರ: 1,067 ಮಿ.ಮೀ.
* ವಿದ್ಯುತ್: 1,500 ವೋಲ್ಟ್, ಏಕಮುಖ
* ಬೋಗಿಗಳು: 10 (ಮೋಟಾರು ಸಹಿತ 4)
* ಮೋಟಾರಿನ ಸಾಮರ್ಥ್ಯ: ತಲಾ 95 ಕಿಲೋವಾಟ್
* ಬಾಗಿಲುಗಳು: ಪ್ರತಿ ಪಾರ್ಶ್ವಕ್ಕೆ 4 (ನಂತರ ಸೇರಿಸಿದ ಒಂದು ಬೋಗಿಯಲ್ಲಿ 6)

ಟೀಕೆ ಮತ್ತು ತಿದ್ದುಪಡಿ

ಜಪಾನಿನಲ್ಲಿ ವಿದ್ಯುತ್ ರೈಲಿನ ಮೌಲ್ಯವನ್ನು ಲೆಕ್ಕದಲ್ಲಿ ಸವಕಳಿ ಮಾಡುವ ಅವಧಿ 13 ವರ್ಷ. ಅಷ್ಟು ಕಾಲ ಓಡಿದ ಬಳಿಕ ಗುಜರಿಗೆ ಹಾಕಿದರೂ ನಷ್ಟವಾಗಬಾರದು ಎಂಬುದೇ 'ಅರ್ಧ ಆಯುಷ್ಯ'ದ ಅರ್ಥವಾಗಿತ್ತು. 13 ವರ್ಷಕ್ಕೆ ರೈಲು ಮುರಿದುಬೀಳುತ್ತದೆ ಎಂದಲ್ಲ. ಆದರೂ ಬಳಸಿ ಎಸೆಯುವ ಕ್ಯಾಮೆರಾದ ಹೆಸರನ್ನು ಅನುಕರಿಸಿ ರೈಲುಪ್ರಿಯರು ಇದಕ್ಕೆ 'ಹಶಿರುನ್‌ದೆಸು' ಎಂಬ ಅಡ್ಡಹೆಸರಿಟ್ಟರು.

ಮಿತವ್ಯಯಕ್ಕೆ ಮಿತಿಗಳೂ ಇದ್ದವು. ಮೊದಲು ಅಳವಡಿಸಿದ್ದ ದೊಡ್ಡ ಕಿಟಕಿಗಳು ತೆರೆಯುತ್ತಿರಲಿಲ್ಲ. ವಿದ್ಯುತ್ ಕಡಿತಗೊಂಡು ರೈಲು ನಡುದಾರಿಯಲ್ಲಿ ನಿಂತರೆ ಕಿಕ್ಕಿರಿದ ಬೋಗಿಯೊಳಗೆ ಗಾಳಿಯಾಡುವುದಿಲ್ಲ. ಹೀಗಾಗಿ ಕೆಲವು ಕಿಟಕಿಗಳನ್ನು ತೆರೆಯುವಂತೆ ಅನಂತರ ಮಾರ್ಪಡಿಸಲಾಯಿತು. 2006ರಲ್ಲಿ ಬಂದ ಇ233 ಸರಣಿಯಲ್ಲಿ ಸಂಸ್ಥೆಯು ಪ್ರಮುಖ ಉಪಕರಣಗಳನ್ನು ಜೋಡಿಯಾಗಿ ಅಳವಡಿಸಿತು. ಒಂದು ಕೆಟ್ಟರೂ ರೈಲು ನಿಲ್ಲಬಾರದೆಂಬುದು ಇದರ ಉದ್ದೇಶ.

ನಂತರದ ಬದುಕು

2010ರ ಜನವರಿಯಲ್ಲಿ ಕೇಹಿನ್-ತೊಹೊಕು ಮಾರ್ಗದಿಂದ 209 ಸರಣಿ ನಿವೃತ್ತವಾಯಿತು. ಆದರೆ ಎಲ್ಲ ಬೋಗಿಗಳೂ ಗುಜರಿ ಸೇರಲಿಲ್ಲ. ಹಲವು ಬೋಗಿಗಳು ಹೊಸ ಇನ್ವರ್ಟರ್ ಮತ್ತು ಶೌಚಾಲಯ ಪಡೆದು 2009ರಿಂದಲೇ ಚಿಬಾ ಪ್ರಾಂತ್ಯದ ಬೋಸೊ ಪ್ರದೇಶದಲ್ಲಿ ಓಡತೊಡಗಿದ್ದವು. 2018ರಲ್ಲಿ ಒಂದು ರೈಲು ಸೈಕಲ್ ಸವಾರರ ವಿಶೇಷ ರೈಲಾಯಿತು. 2022ರಲ್ಲಿ ಇನ್ನು ಕೆಲವು ಇಜು ಕ್ಯೂಕೊ ಎಂಬ ಖಾಸಗಿ ರೈಲ್ವೆಯಲ್ಲಿ 3000 ಸರಣಿಯಾಗಿ ಸೇವೆಗಿಳಿದವು. 13 ವರ್ಷದ ಲೆಕ್ಕ ಹಾಕಿ ಕಟ್ಟಿದ ಬೋಗಿಗಳು ಅದರ ಎರಡು ಪಟ್ಟು ಕಾಲ ಬಾಳಿದಂತಾಯಿತು.